ಓದುಗರ ಪ್ರಶ್ನೆ, ನಮ್ಮ ಉತ್ತರ: ಟ್ರಂಕಿನ ಕ್ಯಾಸೆಟ್, ಅರಮನೆ ಮೈದಾನದ ಟಿಕೆಟ್

ರಾಕ್ ಸಂಗೀತದ ಬಗ್ಗೆ ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಬಂದ ಪತ್ರಗಳನ್ನು ಈ ಸಂಚಿಕೆಗೆ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್ ಬ್ಯಾಂಡ್ ನುಡಿಸಿತು, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನುಡಿಸಿತು. ಆಗ ನಮ್ಮ ಭಾಗದಿಂದ ರೈಲು ಹತ್ತಿ ಹೋದವರೇ ಹೆಚ್ಚಿನ ಪತ್ರಗಳನ್ನು ಬರೆದಿದ್ದಾರೆ. ಉಳಿದವು ಅವರ ಮಕ್ಕಳ ಪತ್ರಗಳು.

ಪ್ರಶ್ನೆ: ನಮ್ಮ ಮನ್ಯಾಗ ಒಂದು ಟ್ರಂಕು ತುಂಬ ಕ್ಯಾಸೆಟ್ ಅದಾವ್ರಿ. ಐರನ್ ಮೇಡನ್, ಮೆಟಾಲಿಕಾ, ಡೀಪ್ ಪರ್ಪಲ್ ಎಲ್ಲಾ. ಹತ್ತು ವರ್ಷದಿಂದ ಮುಟ್ಟಿಲ್ಲ. ಮೊನ್ನೆ ಒಂದು ಹಚ್ಚಿದರ ಆವಾಜ ಕಂಬಳಿ ಹೊಚ್ಚಿದಂಗ ಮಂದ ಬಂತು. ಇನ್ನೊಂದರ ರೀಲು ಟೇಪ್‌ರೆಕಾರ್ಡರ್ ನುಂಗಿಬಿಡ್ತು. ಇವನ್ನ ಕಂಪ್ಯೂಟರಿಗೆ ಇಳಿಸ್ಕೊಳ್ಳೋದು ಹ್ಯಾಂಗ್ರಿ?
— ಒಬ್ಬ ಶಿಕ್ಷಕರು, ಶಹಾಬಜಾರ, ಕಲಬುರಗಿ

ಉತ್ತರ: ಮೊದಲು ಕ್ಯಾಸೆಟ್‌ಗಳನ್ನು ಎರಡು ಗುಂಪು ಮಾಡಿ. ಅಂಗಡಿಯಿಂದ ಕೊಂಡ ಆಲ್ಬಂಗಳು ಒಂದು ಕಡೆ. ರೇಡಿಯೊದಿಂದ ತುಂಬಿಸಿಕೊಂಡದ್ದು, ಕಾಲೇಜಿನ ಬ್ಯಾಂಡ್ ನುಡಿಸಿದ್ದು, ಗೆಳೆಯರು ಹಾಡಿದ್ದು ಇನ್ನೊಂದು ಕಡೆ. ಅಂಗಡಿಯ ಆಲ್ಬಂಗಳು ಇದಕ್ಕಿಂತ ಸ್ವಚ್ಛವಾಗಿ ಈಗ ಎಲ್ಲ ಕಡೆ ಸಿಗುತ್ತವೆ. ಅವನ್ನು ಇಳಿಸಲು ರಾತ್ರಿಗಟ್ಟಲೆ ಕೂರಬೇಕಿಲ್ಲ, ಕವರಿನ ಚಿತ್ರಕ್ಕಾಗಿ ಇಟ್ಟುಕೊಳ್ಳಿ. ಶ್ರಮವೆಲ್ಲ ಎರಡನೆಯ ಗುಂಪಿಗೆ ಸಲ್ಲಬೇಕು. ಅವುಗಳ ಇನ್ನೊಂದು ಪ್ರತಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ.

ಯಾವ ಕ್ಯಾಸೆಟ್ಟನ್ನೂ ನೋಡದೆ ಹಚ್ಚಬೇಡಿ. ಬೆಳಕಿಗೆ ಹಿಡಿದು ಕಿಟಕಿಯೊಳಗೆ ರೀಲಿನ ಅಂಚು ನೋಡಿ. ಬಿಳಿ ಪುಡಿ ಕಂಡರೆ ಬೂಷ್ಟು ಹಿಡಿದಿದೆ ಎಂದರ್ಥ. ಅಂಥದ್ದನ್ನು ಬೇರೆ ಇಡಿ, ಇಲ್ಲದಿದ್ದರೆ ಟೇಪ್‌ರೆಕಾರ್ಡರಿನ ಮೂಲಕ ಉಳಿದ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಆಮೇಲೆ ಕ್ಯಾಸೆಟ್ಟಿನ ತೆರೆದ ಬದಿಯ ನಟ್ಟನಡುವೆ ನೋಡಿ. ತೆಳು ಲೋಹದ ಪಟ್ಟಿಯ ಮೇಲೆ ಹೆಸರುಕಾಳಿನಷ್ಟು ಉಣ್ಣೆಯ ತುಣುಕು ಅಂಟಿರಬೇಕು. ರೀಲನ್ನು ಹೆಡ್ಡಿಗೆ, ಅಂದರೆ ಟೇಪ್‌ರೆಕಾರ್ಡರಿನಲ್ಲಿ ರೀಲಿನ ಸದ್ದು ಓದುವ ಲೋಹದ ತುಣುಕಿಗೆ, ಒತ್ತಿ ಹಿಡಿಯುವುದು ಇದೇ. ಬಿಸಿಲಿಗೆ ಅದರ ಅಂಟು ಒಣಗಿ ತುಣುಕು ಉದುರುತ್ತದೆ. ಉದುರಿದರೆ ರೀಲು ಹೆಡ್ಡಿನಿಂದ ಕೂದಲೆಳೆಯಷ್ಟು ದೂರ ನಿಲ್ಲುತ್ತದೆ. ಮೊದಲು ಕಾಣೆಯಾಗುವುದು ಡ್ರಮ್ಮಿನ ಜೊತೆ ಬಡಿಯುವ ಲೋಹದ ತಟ್ಟೆ ಸಿಂಬಲ್ಲಿನ ಚಿಲ್ ಎನ್ನುವ ಸದ್ದು, ಆಮೇಲೆ ಹಾಡುಗಾರನ ಸಕಾರ ಶಕಾರ. ನಿಮ್ಮ ಕಂಬಳಿ ಹೊಚ್ಚಿದ ಆವಾಜಿಗೆ ಬಹುಮಟ್ಟಿಗೆ ಇದೇ ಕಾರಣ.

ಸರಿಪಡಿಸಲು ಕೆಲಸಕ್ಕೆ ಬಾರದ, ತಿರುಪು ಇರುವ ಇನ್ನೊಂದು ಕ್ಯಾಸೆಟ್ ಬೇಕು. ತಿರುಪು ಕಾಣುವ ಬದಿ ಮೇಲಾಗಿ ಮೇಜಿನ ಮೇಲೆ ಮಲಗಿಸಿ ಐದು ತಿರುಪು ಬಿಚ್ಚಿ: ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಮೇಲಿನ ಹೊದಿಕೆಯನ್ನು ಮಾತ್ರ ಎತ್ತಿ, ಎತ್ತಿ ಹಿಡಿದು ತಿರುಗಿಸಬೇಡಿ. ಒಳಗೆ ರೀಲಿನ ಎರಡು ಸುರುಳಿ, ಮೂಲೆಗಳಲ್ಲಿ ಎರಡು ಪುಟ್ಟ ಗಾಲಿ, ಮೇಲೆ ಕೆಳಗೆ ತೆಳುವಾದ ಜಾರುಹಾಳೆ ಇರುತ್ತವೆ. ಹಳೆಯ ಕ್ಯಾಸೆಟ್ಟಿನ ಪಟ್ಟಿಯನ್ನು ಉಣ್ಣೆಯ ಸಮೇತ ಚಿಮುಟದಲ್ಲಿ ಎತ್ತಿ ಇದರಲ್ಲಿ ಕೂರಿಸಿ. ಉಣ್ಣೆಗೆ ಹೊಸದಾಗಿ ಅಂಟು ಹಚ್ಚಲು ಹೋಗಬೇಡಿ, ಅಂಟು ರೀಲಿಗೆ ತಾಗಿದರೆ ಅಲ್ಲಿಗೆ ಮುಗಿಯಿತು. ತಿರುಪಿಲ್ಲದೆ ಅಂಟಿಸಿದ ಕ್ಯಾಸೆಟ್ಟಾದರೆ ಅಂಚಿನ ಸಂದಿಗೆ ಬ್ಲೇಡ್ ಹಾಕಿ ಬಿಡಿಸಿ, ಒಳಗಿನ ರೀಲನ್ನು ತಿರುಪಿರುವ ಕ್ಯಾಸೆಟ್ಟಿನ ಕವಚಕ್ಕೆ ವರ್ಗಾಯಿಸಿ.

ರೀಲು ನುಂಗುವುದು ಕ್ಯಾಸೆಟ್ಟಿನ ತಪ್ಪಲ್ಲ, ಬಹಳ ಸಲ ಯಂತ್ರದ್ದು. ರಬ್ಬರಿನ ಗಾಲಿಗೆ ಕಂದು ಮಸಿ ಮೆತ್ತಿ ಜಿಗುಟಾದಾಗ ರೀಲು ಅದಕ್ಕೇ ಸುತ್ತಿಕೊಳ್ಳುತ್ತದೆ. ಔಷಧ ಅಂಗಡಿ ಅಥವಾ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ 99% ಐಸೊಪ್ರೊಪೈಲ್ ಆಲ್ಕೊಹಾಲ್ ತಂದು, ಹತ್ತಿಕಡ್ಡಿಯಿಂದ ಹೆಡ್ಡನ್ನೂ ಪಕ್ಕದ ಉಕ್ಕಿನ ಸಣ್ಣ ದಂಡವನ್ನೂ ಒರೆಸಿ. ಕಡ್ಡಿ ಬಿಳಿಯಾಗಿ ಹೊರಬರುವವರೆಗೆ ಕಡ್ಡಿ ಬದಲಿಸುತ್ತಿರಿ. ರಬ್ಬರ್ ಗಾಲಿಗೆ ಮಾತ್ರ ಆಲ್ಕೊಹಾಲ್ ಬೇಡ, ಪದೇ ಪದೇ ಹಚ್ಚಿದರೆ ಒಣಗಿ ಬಿರುಕು ಬಿಡುತ್ತದೆ. ಅದಕ್ಕೆ ಸಾಬೂನು ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಐದು ನಿಮಿಷ ಆರಲು ಬಿಡಿ.

ನಂತರ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಒತ್ತಿಕೊಂಡಿದ್ದ ಸುತ್ತುಗಳು ಸಡಿಲಾಗುತ್ತವೆ. ಉಣ್ಣೆ ಸರಿಯಿದ್ದು, ಹೆಡ್ಡು ಸ್ವಚ್ಛವಿದ್ದೂ ಆವಾಜ ಮಂದವೇ ಬಂದರೆ ಹೆಡ್ಡಿನ ಓರೆ ತಪ್ಪಿದೆ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಸಣ್ಣ ತಿರುಪು ಇರುತ್ತದೆ. ಕ್ಯಾಸೆಟ್ ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸುತ್ತ ಸಿಂಬಲ್ ಅತಿ ಸ್ಪಷ್ಟವಾಗಿ ಕೇಳುವ ಕಡೆ ನಿಲ್ಲಿಸಿ. ಅರ್ಧ ಸುತ್ತಿಗಿಂತ ಹೆಚ್ಚು ಬೇಕಾಗುವುದಿಲ್ಲ. ಆಮೇಲೆ ತಿರುಪಿನ ತಲೆಗೆ ಒಂದು ಹನಿ ನೇಲ್ ಪಾಲಿಶ್ ಹಾಕಿದರೆ ಅಲುಗುವುದಿಲ್ಲ.

ಕಂಪ್ಯೂಟರಿಗೆ ಕೊಡುವಾಗ ಆಗುವ ದೊಡ್ಡ ತಪ್ಪು ಲ್ಯಾಪ್‌ಟಾಪಿನ ಮೈಕ್ ತೂತಿಗೆ ತಂತಿ ಚುಚ್ಚುವುದು. ಅದು ಸಾಮಾನ್ಯವಾಗಿ ಮೊನೊ, ಅಂದರೆ ಎಡ ಬಲ ಬೇರೆಯಿಲ್ಲದೆ ಒಂದೇ ಸದ್ದು. ಸಣ್ಣ ಸದ್ದನ್ನು ಹಿಗ್ಗಿಸಲೆಂದೇ ಮಾಡಿದ್ದು, ಹಾಗಾಗಿ ಹಾಡು ಒಡೆದು ಬರುತ್ತದೆ. ಲೈನ್-ಇನ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಬಳಸಿ, ಹೊರಗಿನ ಯಂತ್ರದ ಸದ್ದನ್ನು ಕಂಪ್ಯೂಟರಿಗೆ ಕೊಡುವ ಸಣ್ಣ ಪೆಟ್ಟಿಗೆ ಅದು. ಟೇಪ್‌ರೆಕಾರ್ಡರಿನಲ್ಲಿ ಲೈನ್-ಔಟ್ ಇಲ್ಲದಿದ್ದರೆ ಹೆಡ್‌ಫೋನ್ ತೂತಿನಿಂದ ತೆಗೆಯಬಹುದು, ವಾಲ್ಯೂಮ್ ಮೂರರಲ್ಲಿ ಒಂದು ಪಾಲಿಗೆ ನಿಲ್ಲಿಸಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು: 44.1 ಕಿಲೊಹರ್ಟ್ಸ್, 24 ಬಿಟ್. ಅತಿ ಜೋರಾದ ಕಡೆಯೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ. ಸಿ-90 ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ. ಅಷ್ಟಕ್ಕೆ ಸುಮಾರು 715 ಎಂಬಿ ಜಾಗ ಬೇಕು. ಫ್ಲ್ಯಾಕ್ ರೂಪಕ್ಕೆ ಬದಲಿಸಿದರೆ ಗುಣ ಕೆಡದೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಡು ಹಾಡಾಗಿ ಕತ್ತರಿಸುವ ಮುನ್ನ ಇಡೀ ಬದಿಯ ಒಂದು ಪ್ರತಿ ಹಾಗೆಯೇ ಇಟ್ಟುಕೊಳ್ಳಿ. ಹಾಡುಗಳ ನಡುವೆ ಯಾರೋ ಕೆಮ್ಮಿದ್ದು, "ಏ, ಬಂದ್ ಮಾಡೋ" ಅಂದದ್ದು ಅದರಲ್ಲೇ ಉಳಿಯುವುದು.

ಪ್ರಶ್ನೆ: ಮೆಟಾಲಿಕಾ ಬೆಂಗಳೂರಿನಲ್ಲಿ ನುಡಿಸಿದಾಗ ಹಳೆಯ ಹಾಡುಗಳ ಶ್ರುತಿ ನನ್ನ ಕ್ಯಾಸೆಟ್ಟಿಗಿಂತ ತುಸು ಇಳಿದಂತೆ ಕೇಳಿತು. ಗೆಳೆಯರು ನನ್ನ ಕಿವಿಯೇ ಸರಿಯಿಲ್ಲ ಅಂತಾರೆ.
— ಓದುಗರು, ವಾಡಿ

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ. 1980ರ ದಶಕದ ಅವರ ಆಲ್ಬಂಗಳಲ್ಲಿ ಗಿಟಾರುಗಳು ಸಾಮಾನ್ಯ ಶ್ರುತಿಯಲ್ಲಿವೆ. 1990ರ ದಶಕದ ನಡುವಿನಿಂದೀಚೆಗೆ ವೇದಿಕೆಯ ಮೇಲೆ ಅವರು ಅರ್ಧ ಸ್ವರ ಇಳಿಸಿಕೊಂಡು ನುಡಿಸುತ್ತಾರೆ. ವಯಸ್ಸಾದಂತೆ ಹಾಡುಗಾರನ ಕಂಠಕ್ಕೆ ಇದರಿಂದ ಆರಾಮ. ಅರ್ಧ ಸ್ವರ ಅಂದರೆ ಕಂಪನದಲ್ಲಿ ಸುಮಾರು 6% ವ್ಯತ್ಯಾಸ, ಹಾಡು ಬಾಯಿಪಾಠ ಇರುವವರಿಗೆ ಗೊತ್ತಾಗದೆ ಇರುವುದಿಲ್ಲ. ಗನ್ಸ್ ಎನ್ ರೋಸಸ್‌ನವರು ಆಲ್ಬಂನಲ್ಲೇ ಅರ್ಧ ಸ್ವರ ಇಳಿಸಿಕೊಂಡವರು, ಅವರ ಕಾರ್ಯಕ್ರಮದಲ್ಲಿ ಈ ಭೇದ ಕೇಳುವುದಿಲ್ಲ.

ಆದರೆ ನಿಮ್ಮ ಟೇಪ್‌ರೆಕಾರ್ಡರಿನ ಪಾಲೂ ಇರಬಹುದು. ಅಗ್ಗದ ಯಂತ್ರಗಳು 3% ಜೋರಾಗಿ ಓಡುವುದು ಸಾಮಾನ್ಯ. ಒಳಹಾಳೆಯಲ್ಲಿ ಹಾಡಿನ ಅವಧಿ ಅಚ್ಚಾಗಿದ್ದರೆ ಗಡಿಯಾರ ಹಿಡಿದು ನೋಡಿ. ಐದು ನಿಮಿಷದ ಹಾಡು 9 ಸೆಕೆಂಡು ಮೊದಲೇ ಮುಗಿದರೆ ನಿಮ್ಮದು 3% ಜೋರು. ಅನೇಕ ಮೋಟಾರುಗಳ ಬೆನ್ನಿಗೆ ಒಂದು ಸಣ್ಣ ತೂತಿದ್ದು ಒಳಗಿನ ತಿರುಪಿನಿಂದ ವೇಗ ಸರಿಪಡಿಸಬಹುದು. ಸೆಲ್ ಹಾಕಿ ನೋಡುವುದಾದರೆ ಹೊಸ ಸೆಲ್ ಹಾಕಿ, ಹಳತಾದರೆ ನಿಧಾನವಾಗಿ ಓಡಿ ಲೆಕ್ಕ ತಪ್ಪಿಸುತ್ತದೆ.

ಪ್ರಶ್ನೆ: ಟಿಕೆಟ್ಟಿನ ಅಕ್ಷರ ಮಾಸ್ತಾ ಬಂದಾವ. ಲ್ಯಾಮಿನೇಷನ್ ಮಾಡಿಸಿ ಫ್ರೇಮ್ ಹಾಕಿಸಲೇನ್ರಿ?
— ಓದುಗರು, ಹುಮನಾಬಾದ

ಉತ್ತರ: ಖಂಡಿತ ಬೇಡ. ಅಕ್ಷರ ತಾನಾಗಿ ಮಾಸುವ ಟಿಕೆಟ್ ಬಹಳ ಸಲ ಥರ್ಮಲ್ ಕಾಗದದ್ದು, ಬಸ್ಸಿನ ಯಂತ್ರದ ಟಿಕೆಟ್ ಇದ್ದಂತೆ. ಅದಕ್ಕೆ ಶಾಯಿಯೇ ಇರುವುದಿಲ್ಲ, ಬಿಸಿ ತಾಗಿದ ಕಡೆ ಕಾಗದವೇ ಕಪ್ಪಾಗುತ್ತದೆ. ಲ್ಯಾಮಿನೇಷನ್ ಯಂತ್ರದ ಬಿಸಿ ಉರುಳೆಗಳ ನಡುವೆ ಹೋದರೆ ಇಡೀ ಟಿಕೆಟ್ ಕಾಡಿಗೆಯಾಗಿ ಹೊರಬರುತ್ತದೆ. ಪರೀಕ್ಷೆ ಸುಲಭ: ಅಕ್ಷರವಿಲ್ಲದ ಮೂಲೆಯಲ್ಲಿ ಉಗುರಿನಿಂದ ಒಮ್ಮೆ ಜೋರಾಗಿ ಗೀರಿ. ಬೂದು ಗೆರೆ ಮೂಡಿದರೆ ಥರ್ಮಲ್.

ಇವತ್ತೇ 600 ಡಿಪಿಐನಲ್ಲಿ ಬಣ್ಣದ ಸ್ಕ್ಯಾನ್ ಮಾಡಿಸಿ, ಎರಡೂ ಬದಿ. ಮಾಸಿದ ಅಕ್ಷರ ಸ್ಕ್ಯಾನ್‌ನಲ್ಲಿ ಕಾಂಟ್ರಾಸ್ಟ್ ಹೆಚ್ಚಿಸಿದರೆ ಓದಲು ಬರುತ್ತದೆ, ಪೂರ್ತಿ ಹೋದದ್ದು ಬರುವುದಿಲ್ಲ. ಫ್ರೇಮಿಗೆ ಆ ಸ್ಕ್ಯಾನಿನ ಅಚ್ಚು ಹಾಕಿ. ಮೂಲವನ್ನು ಪಾಲಿಪ್ರೊಪಿಲೀನ್ ಕವರಿನಲ್ಲಿ ಇಡಿ. ಮೆತ್ತಗೆ, ವಾಸನೆ ಬರುವ ಪಿವಿಸಿ ಕವರು ಬೇಡ, ಅದರ ಎಣ್ಣೆಯಂಶವೇ ಅಕ್ಷರ ತಿನ್ನುತ್ತದೆ. ಸೆಲೊಟೇಪು ಕೂಡ ಹಚ್ಚಬೇಡಿ. ಪಡುವಣ ಗೋಡೆಗೆ ತಾಗಿದ ಕಬ್ಬಿಣದ ಅಲಮಾರು ನಮ್ಮ ಮೇ ತಿಂಗಳಲ್ಲಿ ಒಲೆಯಂತೆ ಕಾಯುತ್ತದೆ. ಮನೆಯ ನಡುಕೋಣೆಯ ಕೆಳಗಿನ ಅರೆ ಒಳ್ಳೆಯದು.

ಪ್ರಶ್ನೆ: ಬೀದರದಿಂದ ಹೈದರಾಬಾದಿಗೆ ರಾಕ್ ಕಾರ್ಯಕ್ರಮಕ್ಕೆ 14 ವರ್ಷದ ಮಗನನ್ನು ಮೊದಲ ಸಲ ಕರೆದೊಯ್ಯುತ್ತಿದ್ದೇವೆ. ಅವನಿಗೆ ಸ್ಪೀಕರಿನ ಮುಂದೆಯೇ ನಿಲ್ಲಬೇಕಂತೆ. ಕಿವಿಗೆ ಹತ್ತಿ ಇಟ್ಟರೆ ಸಾಕೇ?
— ಒಬ್ಬ ತಾಯಿ, ಬೀದರ

ಉತ್ತರ: ಹತ್ತಿ ಸಾಲದು ತಾಯಿ. ಹತ್ತಿ ಸದ್ದನ್ನು ಬಹಳ ಕಡಿಮೆ ತಡೆಯುತ್ತದೆ, ಇಟ್ಟಿದ್ದೇವೆಂಬ ಧೈರ್ಯದಲ್ಲಿ ಹುಡುಗ ಇನ್ನೂ ಹತ್ತಿರ ಹೋಗುತ್ತಾನೆ.

ಲೆಕ್ಕ ಹೀಗಿದೆ. 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಡೆಯಬಲ್ಲದು. ಅದಕ್ಕಿಂತ ಪ್ರತಿ 3 ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ. 100ಕ್ಕೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ರಾಕ್ ಕಾರ್ಯಕ್ರಮದಲ್ಲಿ 100 ಸಾಮಾನ್ಯ, ಸ್ಪೀಕರಿನ ಎದುರು ಇನ್ನೂ ಹೆಚ್ಚು. ಎರಡು ತಾಸು ಅಲ್ಲಿ ನಿಂತರೆ ಕಿವಿ ಒಂದು ದಿನಕ್ಕೆ ತಾಳುವ ಎಂಟರಷ್ಟು ಸದ್ದು ಕುಡಿದಂತೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಔಷಧ ಅಂಗಡಿಯಲ್ಲಿ ಫೋಮ್ ಇಯರ್‌ಪ್ಲಗ್ ಸಿಗುತ್ತದೆ, ಮೆತ್ತನೆಯ ಬಿರಡೆಯಂಥದ್ದು. ಹೆಚ್ಚಿನವರು ಅದನ್ನು ಕಿವಿಯ ಬಾಯಿಗೆ ಸಿಕ್ಕಿಸಿ ಸುಮ್ಮನಾಗುತ್ತಾರೆ, ಅದರಿಂದ ಏನೂ ಆಗುವುದಿಲ್ಲ. ಕೈ ತೊಳೆದು, ಪ್ಲಗ್ಗನ್ನು ಎರಡು ಬೆರಳ ನಡುವೆ ಹೂಬತ್ತಿ ಹೊಸೆದಂತೆ ಹೊಸೆಯಿರಿ. ಸುಕ್ಕಿಲ್ಲದೆ ತೆಳ್ಳಗಾಗಬೇಕು. ಎಡಗಿವಿಗಾದರೆ ಬಲಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ, ಒಳದಾರಿ ನೆಟ್ಟಗಾಗುತ್ತದೆ. ಪ್ಲಗ್ಗನ್ನು ಒಳಗೆ ಬಿಟ್ಟು 30 ಸೆಕೆಂಡು ಬೆರಳಿನಿಂದ ತಡೆದು ಹಿಡಿಯಿರಿ, ಅದು ಉಬ್ಬಿ ಕೂರುತ್ತದೆ. ಎದುರಿನಿಂದ ನೋಡಿದರೆ ಅದು ಹೊರಗೆ ಚಾಚಿಕೊಂಡಿರಬಾರದು, ತೆಗೆಯಲು ತುದಿ ಮಾತ್ರ ಬೆರಳಿಗೆ ಸಿಗಬೇಕು. ಮನೆಯಲ್ಲೇ ನಾಲ್ಕು ಸಲ ರೂಢಿ ಮಾಡಿಸಿ. ಕತ್ತಲಲ್ಲಿ, ನೂಕುನುಗ್ಗಲಲ್ಲಿ ಮೊದಲ ಸಲ ಮಾಡಲು ಬರುವುದಿಲ್ಲ. ಪೊಟ್ಟಣದ ಮೇಲೆ 30 ಡೆಸಿಬೆಲ್ ಎಂದು ಬರೆದಿದ್ದರೂ ಕಿವಿಯಲ್ಲಿ ಅದರ ಅರ್ಧ ಸಿಕ್ಕೀತೆಂದು ಎಣಿಸಿ. 100ರಲ್ಲಿ 15 ಕಳೆದರೂ 85, ಕಾರ್ಯಕ್ರಮ ಮುಗಿಯುವವರೆಗೆ ನಿಶ್ಚಿಂತೆ.

ಹುಡುಗನ ತಕರಾರು ಒಂದಿರುತ್ತದೆ, ಅದು ನಿಜವೂ ಹೌದು: ಫೋಮ್ ಹಾಕಿದರೆ ಹಾಡಿನ ಮಾತು ಮಸುಕಾಗುತ್ತದೆ. ಫೋಮ್ ತೀಕ್ಷ್ಣ ಸ್ವರಗಳನ್ನು ಹೆಚ್ಚು, ಗಡುಸು ಸ್ವರಗಳನ್ನು ಕಡಿಮೆ ತಡೆಯುವುದರಿಂದ ಹೀಗಾಗುತ್ತದೆ. ಸಂಗೀತಗಾರರು ಬಳಸುವ, ಎಲ್ಲ ಸ್ವರಗಳನ್ನೂ ಸಮವಾಗಿ ತಗ್ಗಿಸುವ ಸಿಲಿಕೋನ್ ಪ್ಲಗ್ ಬೇರೆ ಇವೆ. ತುಸು ದುಬಾರಿ, ತೊಳೆದು ವರ್ಷಗಟ್ಟಲೆ ಬಳಸಬಹುದು. ಅವನು ಇನ್ನು ಮುಂದೆ ವರ್ಷಕ್ಕೆರಡು ಸಲ ಹೋಗುವವನಾದರೆ ಕೊಡಿಸಿ.

ನಿಲ್ಲುವ ಜಾಗದ ಮಾತು. ಮೈದಾನದ ನಡುವೆ ಅಟ್ಟಣೆ ಕಟ್ಟಿ, ಮಿಕ್ಸರ್ ಇಟ್ಟುಕೊಂಡು ಸೌಂಡ್ ಎಂಜಿನಿಯರ್ ನಿಂತಿರುತ್ತಾರೆ. ಇಡೀ ಧ್ವನಿಯನ್ನು ಹೊಂದಿಸುವುದು ಅವರ ಕಿವಿ ಇರುವ ಜಾಗದಿಂದ. ಆ ಅಟ್ಟಣೆಯ ಮುಂದೆ ನಿಂತವರಿಗೆ ಸಿಗುವಷ್ಟು ಸ್ಪಷ್ಟ ಸಂಗೀತ ಮೊದಲ ಸಾಲಿಗೆ ಸಿಗುವುದಿಲ್ಲ. ಮುಂದೆ ನಿಂತವರಿಗೆ ನೆಲದ ಮೇಲಿನ ಬಾಸ್ ಪೆಟ್ಟಿಗೆಗಳ ಗುದ್ದು ಹೆಚ್ಚು, ಹಾಡು ಕಡಿಮೆ. ದುಬಾರಿ ಟಿಕೆಟ್ ಕೊಂಡು ಮುಂದೆ ಹೋಗುವುದು ಮುಖ ನೋಡಲು ಸರಿ, ಕೇಳಲು ಅಲ್ಲ. ಜನ ಭುಜಕ್ಕೆ ಭುಜ ತಾಗಿ ನಿಮ್ಮಿಚ್ಛೆಯಿಲ್ಲದೆ ನೀವು ಅಲುಗುವಂತಾದರೆ, ಎರಡೂ ಮುಂಗೈ ಎದೆಯ ಮುಂದೆ ಇಟ್ಟುಕೊಂಡು, ಜನ ಹಿಂದೆ ಸರಿದಾಗಲೆಲ್ಲ ಓರೆಯಾಗಿ ಅಂಚಿನ ಕಡೆ ನಡೆಯಿರಿ. ಎದುರು ನುಗ್ಗಬೇಡಿ.

ಮರುದಿನ ಕಿವಿ ಗುಂಯ್‌ಗುಡುತ್ತಿದ್ದರೆ ಆ ದಿನ ಇಯರ್‌ಫೋನ್ ಬೇಡ. ಎಣ್ಣೆ ಬಿಡಬೇಡಿ. 24 ಗಂಟೆ ದಾಟಿದರೂ ನಿಲ್ಲದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ. ಒಂದು ಕಿವಿ ಥಟ್ಟನೆ ಕೇಳದಂತಾದರೆ ಅದೇ ದಿನ ಹೋಗಿ. ತಡವಾದಷ್ಟೂ ಔಷಧ ಹತ್ತುವುದು ಕಡಿಮೆ.

ಪ್ರಶ್ನೆ: ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆಲ್ಲ ಬರೀ ಘರ್ ಘರ್. ವಿಡಿಯೊದಲ್ಲಿ ಕಪ್ಪು ಪಟ್ಟಿ ಬೇರೆ. ಏನು ತಪ್ಪು?
— ವಿದ್ಯಾರ್ಥಿ, ಯಾದಗಿರಿ

ಉತ್ತರ: ಫೋನಿನ ಮೈಕು ಮಾತಿಗಾಗಿ ಮಾಡಿದ್ದು. ಸದ್ದು ಅದರ ಮಿತಿ ದಾಟಿದಾಗ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಹಾಗೆ ಕತ್ತರಿಸಿದ್ದನ್ನು ಯಾವ ತಂತ್ರಾಂಶವೂ ಪೂರ್ತಿಯಾಗಿ ಮರಳಿ ಕೊಡಲಾರದು. ಜೊತೆಗೆ ಫೋನು ತಾನೇ ಮಟ್ಟ ಏರಿಸಿ ಇಳಿಸುವುದರಿಂದ ಡ್ರಮ್ ಬಡಿದಾಗಲೆಲ್ಲ ಹಾಡು ಮುಳುಗಿ ಏಳುತ್ತದೆ. ಮಟ್ಟವನ್ನು ಕೈಯಿಂದ ಹೊಂದಿಸಬಹುದಾದ ರೆಕಾರ್ಡರ್ ಆ್ಯಪ್ ಹಾಕಿಕೊಂಡು, ಸ್ವಯಂಚಾಲಿತ ಮಟ್ಟ ಬಂದ್ ಮಾಡಿ, ಮಿಕ್ಸರ್ ಅಟ್ಟಣೆಯ ಹಿಂದೆ ನಿಂತು ಮಾಡಿ. ಫೋನಿನ ಕೆಳಅಂಚಿನ ಮೈಕಿನ ತೂತನ್ನು ಕಿರುಬೆರಳು ಮುಚ್ಚಿರುವುದು ಸಾಮಾನ್ಯ ತಪ್ಪು. ಕಪ್ಪು ಪಟ್ಟಿ ಬರುವುದು ದೀಪಗಳ ಮಿಣುಕಿಗೂ ಕ್ಯಾಮೆರಾದ ಷಟರ್‌ಗೂ ಹೊಂದದೆ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್, ಆದ್ದರಿಂದ ಷಟರನ್ನು 1/50 ಅಥವಾ 1/100ಕ್ಕೆ ನಿಲ್ಲಿಸಿ ನೋಡಿ. ಹಾಡುಗಾರನ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿದರೆ ಮುಖ ಬಿಳಿಚಿಕೊಳ್ಳುವುದಿಲ್ಲ.

ನಮ್ಮ ಸಲಹೆ: ಒಂದು ಹಾಡು ಹಿಡಿಯಿರಿ, ಫೋನ್ ಜೇಬಿಗೆ ಹಾಕಿ. ಮರುದಿನ ಮಧ್ಯಾಹ್ನದೊಳಗೆ, ಬೇರೆಯವರ ವಿಡಿಯೊ ನೋಡುವ ಮುನ್ನ, ಒಂದು ನೋಟ್‌ಬುಕ್ಕಿನಲ್ಲಿ ಹಾಡುಗಳ ಸರದಿ ಬರೆಯಿರಿ. ಮೊದಲ ಹಾಡು, ಕೊನೆಯ ಹಾಡು ತಾವಾಗಿ ನೆನಪಾಗುತ್ತವೆ. ನಡುವಿನವು ತಪ್ಪುತ್ತವೆ, ಅಲ್ಲಿ ಜಾಗ ಬಿಟ್ಟು ಮುಂದೆ ಬರೆಯಿರಿ. ಯಾವ ಹಾಡಿಗೆ ಗಿಟಾರ್ ಬದಲಿಸಿದರು, ಎಲ್ಲಿ ತಾಳ ನಿಧಾನವಾಯಿತು, ಹಾಡುಗಾರ ಯಾವ ಸಾಲನ್ನು ಜನರಿಗೆ ಬಿಟ್ಟುಕೊಟ್ಟ, ಎಲ್ಲಿ ನಿಂತಿದ್ದಿರಿ, ಪಕ್ಕ ಯಾರಿದ್ದರು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಎಲ್ಲ ಬರೆಯಿರಿ. ಬಿಟ್ಟ ಜಾಗಗಳನ್ನು ಗೆಳೆಯರನ್ನು ಕೇಳಿ ಬೇರೆ ಬಣ್ಣದ ಪೆನ್ನಿನಲ್ಲಿ ತುಂಬಿ. ಹತ್ತು ವರ್ಷದ ಮೇಲೆ ಯಾವುದು ನಿಮ್ಮ ನೆನಪು, ಯಾವುದು ಕೇಳಿದ್ದು ಎಂದು ಆ ಬಣ್ಣವೇ ಹೇಳುತ್ತದೆ.

ಪ್ರಶ್ನೆ: ಏಪ್ರಿಲ್‌ನಾಗ ಕಾಲೇಜು ಮೈದಾನದಾಗ ನಮ್ಮ ಬ್ಯಾಂಡು ಐರನ್ ಮೇಡನ್ ಹಾಡು ನುಡಸ್ಬೇಕಂತೀವ್ರಿ. ಹೋದ ವರ್ಷ ಸ್ಪೀಕರ್‌ದಾಗ ಗುಂಯ್ ಅನ್ನೋ ಸದ್ದು ನಿಲ್ಲಲೇ ಇಲ್ಲ. ಹಾಡಾವಗ ಮೈಕು ತುಟಿಗೆ ತಾಗಿ ಚುರ್ ಅಂತ ಹೊಡೀತು. ಗಿಟಾರು ಎರಡನೇ ಹಾಡಿಗೇ ಬೇಸುರ.
— ವಿದ್ಯಾರ್ಥಿಗಳು, ಕಲಬುರಗಿ

ಉತ್ತರ: ಚುರ್ ಅಂದದ್ದರಿಂದಲೇ ಶುರು ಮಾಡೋಣ, ಉಳಿದದ್ದು ಆಮೇಲೆ. ಅದು ಸಣ್ಣ ವಿಷಯವಲ್ಲ. ಗಿಟಾರಿನ ತಂತಿ ಆಂಪ್ಲಿಫೈಯರಿನ ಅರ್ಥಿಂಗಿಗೆ ಸೇರಿರುತ್ತದೆ, ಮೈಕಿನ ಜಾಲರಿ ಮಿಕ್ಸರಿನ ಅರ್ಥಿಂಗಿಗೆ. ಎರಡೂ ಬೇರೆ ಬೇರೆ ಕಡೆಯ ಸಾಕೆಟ್ಟಿನಲ್ಲಿದ್ದು ಒಂದರ ಅರ್ಥಿಂಗ್ ಕೆಟ್ಟಿದ್ದರೆ, ತಂತಿ ಹಿಡಿದವನ ತುಟಿ ಮೈಕಿಗೆ ತಾಗಿದಾಗ ಕರೆಂಟು ಅವನ ಮೈಯಿಂದ ಹರಿಯುತ್ತದೆ. ಇದರಿಂದ ಜೀವ ಹೋಗಬಹುದು. ಹಾಡಲು ನಿಲ್ಲುವ ಮುನ್ನ ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿಯಿರಿ. ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಯಾರೂ ಮುಟ್ಟಬಾರದು, ಎಲೆಕ್ಟ್ರಿಷಿಯನ್ ಬರುವವರೆಗೆ ಕಾರ್ಯಕ್ರಮ ನಿಲ್ಲಲಿ. ಗುಂಯ್ ನಿಲ್ಲಿಸಲು ಪ್ಲಗ್ಗಿನ ಅರ್ಥಿಂಗ್ ಕಡ್ಡಿ ಮುರಿಯುವ ಚಾಳಿ ಕೆಲವರಿಗಿದೆ. ಸದ್ದು ನಿಲ್ಲುತ್ತದೆ, ಕಾವಲೂ ಹೋಗುತ್ತದೆ. ಯಾರು ಹೇಳಿದರೂ ಮಾಡಬೇಡಿ.

ಆ ಗುಂಯ್ ಸದ್ದಿನ ಮೂಲವೂ ಇದೇ. ಅರ್ಥಿಂಗಿಗೆ ಎರಡು ದಾರಿ ಸಿಕ್ಕಾಗ ಅವೆರಡರ ನಡುವೆ 50 ಹರ್ಟ್ಸ್ ಸುತ್ತುತ್ತದೆ. ವೇದಿಕೆಯ ಆಂಪ್ಲಿಫೈಯರ್, ಮಿಕ್ಸರ್, ಸ್ಪೀಕರ್ ಎಲ್ಲಕ್ಕೂ ಒಂದೇ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ ಕರೆಂಟು ಕೊಡಿ. ದೀಪಗಳಿಗೆ ಬೇರೆ ಫೇಸ್. ಬಾಸ್ ಗಿಟಾರನ್ನು ಡಿಐ ಬಾಕ್ಸ್ (ಗಿಟಾರನ್ನು ನೇರ ಮಿಕ್ಸರಿಗೆ ಸೇರಿಸುವ ಸಣ್ಣ ಪೆಟ್ಟಿಗೆ) ಮೂಲಕ ಕೊಟ್ಟು ಅದರ ಗ್ರೌಂಡ್-ಲಿಫ್ಟ್ ಗುಂಡಿ ಒತ್ತಿ. ಇದು ಸಿಗ್ನಲ್ ತಂತಿಯ ಅರ್ಥಿಂಗನ್ನು ಮಾತ್ರ ಬಿಡಿಸುತ್ತದೆ, ಕಾವಲು ಹಾಗೆಯೇ ಉಳಿಯುತ್ತದೆ. ಜನರೇಟರ್ ತರಿಸಿದರೆ 25 ಕೆವಿಎ ಕಾಲೇಜು ಮೈದಾನಕ್ಕೆ ಸಾಕು. ಅದು 20 ಕಿಲೊವ್ಯಾಟ್, 15ಕ್ಕಿಂತ ಹೆಚ್ಚು ಹೊರೆ ಹೇರಬೇಡಿ. ಡೀಸೆಲ್ ಗಂಟೆಗೆ 4ರಿಂದ 5 ಲೀಟರ್ ಹಿಡಿಯಿರಿ. ಏಪ್ರಿಲ್‌ನಲ್ಲಿ ನಮ್ಮ ನೆಲ ಒಣಗಿ ಬಿರಿದಿರುವುದರಿಂದ ಅರ್ಥಿಂಗ್ ಸಲಾಕೆಗೆ ನೆಲ ಹಿಡಿಯುವುದಿಲ್ಲ. ಹಿಂದಿನ ದಿನ ಸಂಜೆಯೇ ಸಲಾಕೆಯ ಸುತ್ತ ಗುಂಡಿ ತೋಡಿಸಿ ನಾಲ್ಕೈದು ಕೊಡ ನೀರು ಹೊಯ್ಯಿಸಿ, ಮರುದಿನ ಮಧ್ಯಾಹ್ನ ಮತ್ತೊಮ್ಮೆ.

ಗಿಟಾರಿನ ತಂತಿ ಉಕ್ಕಿನದು. ಕಾದರೆ ಹಿಗ್ಗಿ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ತಣ್ಣನೆಯ ಕೋಣೆಯಲ್ಲಿ ಶ್ರುತಿ ಮಾಡಿ ಬಿಸಿಲಿಗೆ ತಂದರೆ ಎರಡನೆಯ ಹಾಡಿಗೆ ಬೇಸುರಾಗದೆ ಇನ್ನೇನು? ನುಡಿಸುವ ಒಂದು ಗಂಟೆ ಮೊದಲು ವೇದಿಕೆಯ ನೆರಳಿಗೆ ತಂದು ಪೆಟ್ಟಿಗೆ ತೆರೆದಿಡಿ, ಶ್ರುತಿ ಅಲ್ಲಿಯೇ ಮಾಡಿ. ಹೊಸ ತಂತಿ ಹಾಕುವುದಿದ್ದರೆ ಎರಡು ದಿನ ಮೊದಲೇ ಹಾಕಿ ಎಳೆದೆಳೆದು ಪಳಗಿಸಿ. ಅಕೌಸ್ಟಿಕ್ ಗಿಟಾರಿಗೆ ಬಿಸಿಲಿಗಿಂತ ಒಣಗಾಳಿ ಶತ್ರು. ಮರ ಕುಗ್ಗಿ, ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್ಟಿನ ತುದಿಗಳು ಅಂಚಿನಲ್ಲಿ ಬೆರಳಿಗೆ ಚುಚ್ಚತೊಡಗಿದರೆ ಅದೇ ಮೊದಲ ಎಚ್ಚರಿಕೆ, ಮುಂದಿನದು ಬಿರುಕು. ಪ್ಲಾಸ್ಟಿಕ್ ಸೋಪಿನ ಡಬ್ಬಿಗೆ ಕಾದ ಮೊಳೆಯಿಂದ ಹತ್ತು ತೂತು ಹಾಕಿ, ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಸ್ಪಂಜನ್ನು ಒಳಗಿಟ್ಟು, ಗಿಟಾರ್ ಪೆಟ್ಟಿಗೆಯಲ್ಲಿ ತಲೆಯ ಕಡೆ ಇರಿಸಿ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಸ್ಪಂಜು ನೋಡಿ. ನೀರು ತೊಟ್ಟಿಕ್ಕಬಾರದು.

ಮೈಕುಗಳ ಲೆಕ್ಕ: ಡ್ರಮ್ಮಿಗೆ ನಾಲ್ಕು (ಕಾಲಿನಿಂದ ಬಡಿಯುವ ಕಿಕ್ಕಿಗೆ ಒಂದು, ಕೋಲಿನಿಂದ ಬಡಿಯುವ ಸ್ನೇರಿಗೆ ಒಂದು, ಮೇಲೆ ಎರಡು), ಗಿಟಾರುಗಳಿಗೆ ಎರಡು, ಹಾಡಿಗೆ ಎರಡು, ಜೊತೆಗೆ ಬಾಸ್. ಒಟ್ಟು ಒಂಬತ್ತು, 12 ಚಾನೆಲ್ ಮಿಕ್ಸರ್ ಸಾಕು. ಡ್ರಮ್ ಕೆಳಗೆ ದಪ್ಪ ಜಮಖಾನ ಹಾಸಿ, ಇಲ್ಲದಿದ್ದರೆ ಕಿಕ್ ಡ್ರಮ್ ಹಲಗೆಯ ಮೇಲೆ ಹಾಡಿಗೊಂದು ಗೇಣು ಮುಂದೆ ಹೋಗುತ್ತದೆ. ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಾಡಬೇಡಿ, ಕೊಂಯ್ ಎಂದು ಕೂಗಲು ಅದೇ ಕಾರಣ. ಎದುರು ಕಾಲೇಜಿನ ಕಲ್ಲುಗೋಡೆ 17 ಮೀಟರಿಗಿಂತ ದೂರವಿದ್ದರೆ ಸದ್ದು ಹೋಗಿ ಬರಲು ಹತ್ತನೇ ಒಂದು ಸೆಕೆಂಡಿಗಿಂತ ಹೆಚ್ಚು ಬೇಕು, ಆಗ ಪ್ರತಿಧ್ವನಿ ಬೇರೆಯಾಗಿಯೇ ಕೇಳಿ ತಾಳ ಕೆಡಿಸುತ್ತದೆ. ಸ್ಪೀಕರುಗಳನ್ನು ಗೋಡೆಗೆ ಓರೆಯಾಗಿ, ಜನರ ಕಡೆ ತುಸು ಬಗ್ಗಿಸಿ ನಿಲ್ಲಿಸಿ.

ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಮೊದಲೇ ಪಡೆಯಿರಿ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಚ್ಚುವಂತಿಲ್ಲ. 9.30ಕ್ಕೆ ಕೊನೆಯ ಹಾಡು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಟಿಕೆಟ್ ಇಟ್ಟು ಹೊರಗಿನವರನ್ನು ಕರೆಯುವುದಾದರೆ ಬೇರೆಯವರ ಹಾಡು ನುಡಿಸಲು, ಹಾಡು ಕಟ್ಟಿದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಪರವಾನಗಿ ಬೇಕು.

ಪ್ರಶ್ನೆ: ಇಂಡಿಯನ್ ಓಶನ್ ಬ್ಯಾಂಡನ್ನು ಇಪ್ಪತ್ತು ವರ್ಷದ ಹಿಂದೆ ಕೇಳಿದ್ದೆ. ಈಗ ಮಗಳಿಗೆ ಕೇಳಿಸಬೇಕೆಂದಿದ್ದೇನೆ. ಆಗಿನದೇ ಬ್ಯಾಂಡ್ ಉಳಿದಿದೆಯೇ?
— ಓದುಗರು, ಸುರಪುರ

ಉತ್ತರ: ಅರ್ಧ ಉಳಿದಿದೆ. ದೆಹಲಿಯಲ್ಲಿ 1990ರಲ್ಲಿ ಸುಸ್ಮಿತ್ ಸೇನ್, ಅಸೀಮ್ ಚಕ್ರವರ್ತಿ ಕಟ್ಟಿದ ಬ್ಯಾಂಡ್ ಅದು. ನೀವು ಕೇಳಿದಾಗ ಅವರ ಜೊತೆ ಬಾಸ್ ಗಿಟಾರಿಗೆ ರಾಹುಲ್ ರಾಮ್, ಡ್ರಮ್ಮಿಗೆ ಅಮಿತ್ ಕಿಲಂ ಇದ್ದರು. ಅಸೀಮ್ 2009ರ ಡಿಸೆಂಬರ್ 25ರಂದು ತೀರಿಕೊಂಡರು. ಸುಸ್ಮಿತ್ 2013ರಲ್ಲಿ ಹೊರಬಂದರು. ಈಗ ಗಿಟಾರ್ ನಿಖಿಲ್ ರಾವ್ ಅವರದು. ಅಸೀಮ್ ತಬಲಾ ನುಡಿಸುತ್ತಲೇ ಹಾಡುತ್ತಿದ್ದರು. ಆ ಕೆಲಸ ಈಗ ಇಬ್ಬರಿಗೆ ಹಂಚಿದೆ: ಹಾಡಲು ಹಿಮಾಂಶು ಜೋಶಿ, ತಬಲಾಕ್ಕೆ ತುಹೀನ್ ಚಕ್ರವರ್ತಿ. ಒಬ್ಬನೇ ಉಸಿರು ಎಳೆದು ಹಾಡಿ, ಅದೇ ಉಸಿರಿನ ಒತ್ತಿಗೆ ಬೆರಳು ಬೀಳುತ್ತಿದ್ದ ಆ ಹೊಂದಿಕೆಯನ್ನು ನೀವು ಹುಡುಕುವಿರಿ, ಅದು ಸಿಗುವುದಿಲ್ಲ. ಮಗಳು ಹುಡುಕುವುದಿಲ್ಲ. ಹೋಗುವ ಮುನ್ನ 2000ದ 'ಕಂದೀಸಾ' ಆಲ್ಬಂ ಇಬ್ಬರೂ ಕೂತು ಒಮ್ಮೆ ಕೇಳಿ, ಅವಳಿಗೆ ಅಸೀಮರ ಕಂಠದ ಪರಿಚಯವಾಗಲಿ.

ಪ್ರಶ್ನೆ: ನಮ್ಮಪ್ಪ ಭಜನಿ ಮೇಳದವರು. ರಾಕ್ ಅಂದರ ಬರೇ ಚೀರಾಟ ಅಂತಾರ. ಅವರಿಗೆ ಯಾವುದರಿಂದ ಶುರು ಮಾಡ್ಲಿ?
— ಓದುಗರು, ಸೇಡಂ

ಉತ್ತರ: ಅವರಿಗೆ ಮಾತು ಗೊತ್ತಿರುವ ಹಾಡಿನಿಂದ. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ 'ಸೋರುತಿಹುದು ಮನೆಯ ಮಾಳಿಗಿ', 'ಗುಡುಗುಡಿಯ ಸೇದಿ ನೋಡೊ' ಎರಡೂ ಇವೆ. ಇದೇ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ನುಡಿಸಿತು. ಮೊದಲು ಅಪ್ಪನವರಿಂದ ಅದೇ ಪದವನ್ನು ಏಕತಾರಿಯ ಮೇಲೆ ಹಾಡಿಸಿ, ಆಮೇಲೆ ಆಲ್ಬಂ ಹಚ್ಚಿ. ಡ್ರಮ್ಮಿನ ಒತ್ತು ಎಲ್ಲಿ ಬೀಳುತ್ತದೆ, ತಮ್ಮ ತಾಳದ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಅವರೇ ಹೋಲಿಸಿ ಹೇಳುತ್ತಾರೆ. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಿಸಬೇಡಿ. ಅದರಲ್ಲಿ ಬಾಸ್ ಇರುವುದೇ ಇಲ್ಲ, ಉಳಿಯುವುದು ನಿಜಕ್ಕೂ ಚೀರಾಟವೇ.

ಪ್ರಶ್ನೆ: ಬೆಂಗಳೂರಿನ ಕಾರ್ಯಕ್ರಮ ಮುಗಿಸಿ ಅದೇ ರಾತ್ರಿ ರೈಲಿಗೆ ಮರಳಬಹುದೇ?
— ಓದುಗರು, ಶಹಾಬಾದ

ಉತ್ತರ: ಅದನ್ನು ನಂಬಿ ಹೋಗಬೇಡಿ. ಉದ್ಯಾನ್ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ಹೊರಡುವ ಹೊತ್ತಿಗೆ ಬ್ಯಾಂಡು ಇನ್ನೂ ನುಡಿಸುತ್ತಿರುತ್ತದೆ. ಮೈದಾನದಿಂದ ಹೊರಬರಲೇ ಒಂದು ತಾಸು ಬೇಕು. ಹೋಗಲು ಕಲಬುರಗಿಯಿಂದ ಬೆಳಗಿನ ವಂದೇ ಭಾರತ್ ಹಿಡಿದರೆ ಮಧ್ಯಾಹ್ನ ಮುಟ್ಟುತ್ತೀರಿ, ಆ ರಾತ್ರಿ ಅಲ್ಲೇ ಉಳಿದು ಮರುದಿನ ಬರಲು ಕಾಯ್ದಿರಿಸಿ. ವೇಳಾಪಟ್ಟಿಯನ್ನು ಹೊರಡುವ ವಾರ ಮತ್ತೊಮ್ಮೆ ನೋಡಿ. ಟಿಕೆಟ್ಟಿನ ಕ್ಯೂಆರ್ ಕೋಡನ್ನು ಕಾರ್ಯಕ್ರಮದ ಮೊದಲು ಎಲ್ಲಿಯೂ ಫೋಟೊ ಹಾಕಬೇಡಿ. ಮೊದಲು ತೋರಿಸಿದವರಿಗೆ ಬಾಗಿಲು ತೆರೆಯುತ್ತದೆ, ಎರಡನೆಯವರು ಹೊರಗೆ.

ಪ್ರಶ್ನೆ: 2007ರ ಮೇಡನ್ ಟಿ-ಶರ್ಟಿನ ಚಿತ್ರ ಬಿರುಕು ಬಿಡುತ್ತಿದೆ.
— ಓದುಗರು, ಆಳಂದ

ಉತ್ತರ: ಆ ಚಿತ್ರ ಬಟ್ಟೆಯೊಳಗೆ ಇಳಿದ ಬಣ್ಣವಲ್ಲ, ಮೇಲೆ ಕೂತ ಪ್ಲಾಸ್ಟಿಕ್ ಪದರ. ಬಿಸಿಗೆ ಒಣಗಿ ಸೀಳುತ್ತದೆ, ಬಿರುಕು ಬಿಟ್ಟದ್ದು ಕೂಡುವುದಿಲ್ಲ. ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ, ಕೈಯಲ್ಲೇ ತೊಳೆಯಿರಿ. ಕಲ್ಲಿಗೆ ಬಡಿಯಬೇಡಿ, ಹಿಂಡಬೇಡಿ. ನೆರಳಲ್ಲಿ ಚಪ್ಪಟೆ ಹಾಸಿ ಒಣಗಿಸಿ. ಇಸ್ತ್ರಿ ಬೇಕೇ ಬೇಕೆಂದರೆ ಚಿತ್ರದ ಹಿಂಬದಿಯಿಂದ, ಕಡಿಮೆ ಬಿಸಿಯಲ್ಲಿ. ಮಡಿಚುವಾಗ ಮಡಿಕೆ ಮೇಡನ್ನಿನ ಲಾಂಛನದ ಗೊಂಬೆ ಎಡ್ಡಿಯ ಮುಖದ ಮೇಲೆ ಬರದಂತೆ, ಚಿತ್ರದ ಅಗಲಕ್ಕೆ ಒಂದು ರಟ್ಟು ಇಟ್ಟು ಸುತ್ತಿ.